ಕೋಳಿನಿದ್ದೆ

ಬರ್ಕಾದ ಹ್ಯಾಚರಿಯಲ್ಲಿ ಅಸರಿನ ಹೊತ್ತಿಗೆ ಲೋಡು:
ನೂರಿಪ್ಪತ್ತು ಪೆಟ್ಟಿಗೆ, ಪೆಟ್ಟಿಗೆಗೆ ನೂರು,
ಹುಟ್ಟಿ ದಿನ ತುಂಬದ ಹನ್ನೆರಡು ಸಾವಿರ ಮರಿ.
ಸಲಾಲಾಕ್ಕೆ ಸಾವಿರ ಕಿಲೋಮೀಟರು,
ಬಿಸಿಲು ಬಲಿಯುವ ಮೊದಲು ಮುಟ್ಟಿಸಬೇಕು.
ಸತ್ತ ಮರಿಗಳ ಲೆಕ್ಕ ನನ್ನ ಸಂಬಳದಲ್ಲಿ.

ಆದಮ್ ದಾಟಿದ ಮೇಲೆ ಗುಡ್ಡಗಳು ಮುಗಿಯುತ್ತವೆ.
ಆಮೇಲೆ ರಸ್ತೆ, ರಸ್ತೆ, ಮತ್ತೆ ರಸ್ತೆ;
ಒಂದು ತಿರುವಾದರೂ ಕೊಡು ಎಂದರೆ ಕೊಡದು.
ತೂಕಡಿಸುವವನಿಗೆ ಹಾಸಿಗೆ ಹಾಸಿಕೊಟ್ಟ ಹಾಗೆ
ಎನ್ನುತ್ತಿದ್ದಳು ನಮ್ಮಜ್ಜಿ.
ಗಂಗೊಳ್ಳಿಯಲ್ಲಿ ಮೀನು ಹೆಚ್ಚುತ್ತ ಕೂತವಳಿಗೆ
ಹೈಮಾದ ರಸ್ತೆ ಹೇಗೆ ಗೊತ್ತಿತ್ತೋ.

ಮದ್ದುಗಳು ನನಗೂ ಗೊತ್ತು.
ಹಸಿಮೆಣಸು ಕಚ್ಚಿ, ಮರೆತು
ಅದೇ ಬೆರಳಲ್ಲಿ ಕಣ್ಣೊರೆಸಿಕೊಂಡದ್ದೂ ಉಂಟು.
ಕಣ್ಣಿಗೆ ಎಣ್ಣೆ ಬಿಟ್ಟು ಕಾಯುವುದು ಅಂತಾರಲ್ಲ,
ಅದು ಇದಕ್ಕಿಂತ ವಾಸಿ ಇರಬೇಕು.
ಸೂರ್ಯಕಾಂತಿ ಬೀಜ, ಒಂದೊಂದೇ ಒಡೆದು ಉಗಿದು,
ಕತ್ತಿನ ಹಿಂದೆ ಐಸಿನ ಬಾಟಲಿ,
ಕಿಟಕಿ ಇಳಿಸಿದರೆ ಮುಖಕ್ಕೆ ಒಲೆಯ ಉಸಿರು,
ನನಗೆ ನಾನೇ ಕೊಟ್ಟುಕೊಂಡ ಕೆನ್ನೆಯೇಟು.
ಮೈಮೂನಳಿಗೆ ಫೋನು ಮಾಡಿದೆ.
ಅವಳು ಅರೆನಿದ್ದೆಯಲ್ಲಿ ಹ್ಞೂಂ, ಹ್ಞೂಂ ಎಂದಳು.
ಆ ಹ್ಞೂಂ ಅಂಟುರೋಗ. ಇಟ್ಟುಬಿಟ್ಟೆ.

ಕೊನೆಗೆ ಮಗ್ಗಿ.
ಸಿರಿಲ್ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದು:
ಹದಿನೇಳೊಂದ್ಲೆ ಹದಿನೇಳು,
ಹದಿನೇಳೆರಡ್ಲೆ ಮೂವತ್ನಾಲ್ಕು,
ಹದಿನೇಳೇಳ್ಲೆ ನೂರಾ ಹತ್ತೊಂಬತ್ತು ಎನ್ನುವಾಗ
ದೀಪದಲ್ಲಿ ಬಂದ ಹಲಗೆ ಸಲಾಲಾ ೩೧೨ ಎಂದಿತು.

ಆಮೇಲೆ ಚಕ್ರದಡಿ ಗರ್ರೆಂದು ಅಂಚಿನ ಉಬ್ಬುಪಟ್ಟಿ.
ಸ್ಟೇರಿಂಗು ಎಳೆದೆ. ಹಿಂದೆ ಪೆಟ್ಟಿಗೆಗಳು ವಾಲಿ ಕೂತವು.
ಬರ್ಕಾದಿಂದ ಬಿಡದೆ ಬಂದ ಚಿಂವ್‌ಚಿಂವ್
ಒಟ್ಟಿಗೇ ನಿಂತಿತು, ಹನ್ನೆರಡು ಸಾವಿರ ಕೊರಳಲ್ಲೂ.
ಗರ್ರೆಂದದ್ದಕ್ಕಲ್ಲ,
ಆ ನಿಶ್ಶಬ್ದಕ್ಕೆ ನಾನು ಪೂರಾ ಎಚ್ಚರಾದದ್ದು.
ಸಲಾಲಾ ೩೦೪.

ಎಂಟು ಕಿಲೋಮೀಟರು.
ಕಣ್ಣು ತೆರೆದೇ ಇತ್ತೋ ಏನೋ. ಕಾಲು ಪೆಡಲಿನ ಮೇಲೆಯೇ.
ಯಾರು ಓಡಿಸಿದ್ದು?
ಹದಿನೇಳೆಂಟ್ಲೆ ಯಾರು ಹೇಳಿದ್ದು?

ಕಿತ್ಬಿತ್ ಪಂಪಿನ ಹಿಂದೆ, ಪೈಪು ಹೊತ್ತ ಟ್ರೈಲರಿನ ಕೆಳಗೆ
ಚಾಪೆ ಹಾಸಿಕೊಂಡು ಗುಲ್ ಜರೀನ್ ಮಲಗಿದ್ದ.
ಒಂದು ಚಾ ಕುಡಿದು ಹೊರಡುತ್ತೇನೆ ಎಂದೆ.
ಅವನು ಒಂದೇ ಕಣ್ಣು ತೆರೆದ:
ಚಾ ಕುಡಿದು ಹೊರಟವರ ಗಾಡಿ ತೋರಿಸಲಾ, ಬುಡನ್?
ದಾರಿಯುದ್ದಕ್ಕೂ ಬಿದ್ದಿವೆ.
ಮತ್ತೆ ಮುಚ್ಚಿದ.

ಮರಿಗಳ ಫ್ಯಾನು ನಿಲ್ಲಬಾರದು, ಇಂಜಿನು ಬಿಟ್ಟೇ ಇದ್ದೆ.
ಸೀಟು ಹಿಂದಕ್ಕೊರಗಿಸಿ, ಟೋಪಿ ಕಣ್ಣಿಗೆಳೆದು,
ಮೆಲ್ಲಗೆ ಮತ್ತೆ ಶುರುವಾದ ಚಿಂವ್‌ಚಿಂವ್ ಕೇಳುತ್ತ
ಮರಿಗಳ ಜೊತೆ ನಾನೂ ಒಂದು ಕೋಳಿನಿದ್ದೆ.

ಎಬ್ಬಿಸಿದ್ದು ಆಫೀಸಿನ ದಿವಾಕರನ್:
ಇಪ್ಪತ್ತೆರಡು ನಿಮಿಷದಿಂದ ಗಾಡಿ ಅಲ್ಲಾಡಿಲ್ಲ
ಅಂತಿದೆ ಟ್ರ್ಯಾಕರು, ಏನು ವಿಷಯ?
ಮರಿಗಳು ಮಲಗಿದ್ದಾವೆ ಸಾರ್, ಎಂದೆ.
ಆ ಎಂಟು ಕಿಲೋಮೀಟರು ಟ್ರ್ಯಾಕರಿಗೆ ಕಂಡಿರಲಿಲ್ಲ.
ವೇಗ ಸರಿಯಿತ್ತಂತೆ, ದಾರಿ ಸರಿಯಿತ್ತಂತೆ.

ಸಲಾಲಾದಲ್ಲಿ ಎಣಿಸಿದರು. ಒಂಬತ್ತು ಸತ್ತಿದ್ದವು,
ಒಂಬತ್ತು ಪರವಾಗಿಲ್ಲ ಎಂದರು.

ಮರುದಿನ ಖಾಲಿ ಗಾಡಿ, ಹಗಲು.
೩೦೪ ಬಂದಾಗ ವೇಗ ಇಳಿಸಿದೆ,
ಕಳೆದದ್ದನ್ನು ಹುಡುಕುವವನ ಹಾಗೆ ಎರಡೂ ಬದಿ ನೋಡಿದೆ.
ಸೀಳಿದ ಟಯರು. ಒಂಟೆಯ ಚಿತ್ರದ ಹಲಗೆ.
ಒಂಟೆಗಳೂ ಇದ್ದವು, ನಾಲ್ಕು, ರಸ್ತೆಗೆ ಅಂಟಿಕೊಂಡೇ.
ಒಂದು ನೀಲಿ ನೀರಿನ ಟ್ಯಾಂಕು,
ಅದರ ನೆರಳಲ್ಲಿ ಕೂತ ಒಬ್ಬ ಮುದುಕ, ಮೊಣಕಾಲ ಮೇಲೆ ಕೋಲು.
ರಾತ್ರಿಯೂ ಅಲ್ಲೇ ಇದ್ದನೋ ಏನೋ.
ಕೈ ಎತ್ತಿದ.
ನಾನು ಹಾರ್ನು ಒತ್ತಲಿಲ್ಲ, ಒಂಟೆಗಳು ಬೆದರುತ್ತವೆ.
ಕೈ ಎತ್ತಿದೆ.